ನಾನ್ಯಾವ ಸೀಮೆ ಎಲೈಟು?

(1/7)
ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ. ಏಳು ಪೋಸ್ಟು. ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

2023ರ ಏಪ್ರಿಲ್. ಸೆಕೆಂಡ್ ಪಿಯುಸಿ ಎಕ್ಸಾಂ ಮುಗಿದು ರಿಸಲ್ಟ್‌ಗೆ ಕಾಯ್ತಾ ಇದ್ವಿ. ತುಮಕೂರು ಕಡೆಯ ಒಂದು ಊರು. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ರಾತ್ರಿ ಊಟದ ಹೊತ್ತು. ಚಿಕ್ಕಪ್ಪ ಬಂದಿದ್ರು. ನನ್ನ ಗೆಳೆಯನೂ ಇದ್ದ, ಹೈಸ್ಕೂಲಿಂದ ಒಂದೇ ಬೆಂಚಲ್ಲಿ ಕೂತವನು. ಅಮ್ಮ ಮುದ್ದೆ ಬಡಿಸ್ತಾ ಇದ್ಳು. ಟಿವಿಯಲ್ಲಿ ಸುಪ್ರೀಂ ಕೋರ್ಟಿನ ಸುದ್ದಿ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಮದುವೆ ಆದ್ರೆ ಅದಕ್ಕೆ ಕಾನೂನಿನ ಮಾನ್ಯತೆ ಕೊಡಬೇಕಾ ಅನ್ನೋ ಕೇಸು. ಈ ಅರ್ಜಿಗಳಲ್ಲಿ ಇರೋದು ನಗರದ ಎಲೈಟ್ ಜನರ ಅಭಿಪ್ರಾಯ ಅಂತ ಕೇಂದ್ರ ಸರ್ಕಾರ ಕೋರ್ಟಿಗೆ ಲಿಖಿತವಾಗಿ ಹೇಳಿತ್ತು.

ಚಿಕ್ಕಪ್ಪ ತುತ್ತು ನುಂಗಿ ಹೇಳಿದ್ರು: "ನೋಡು, ಸರ್ಕಾರನೇ ಹೇಳ್ತು. ಇದೆಲ್ಲ ಬೆಂಗಳೂರಲ್ಲಿ ದುಡ್ಡು ಹೆಚ್ಚಾದವರ ಶೋಕಿ. ನಮ್ ಕಡೆ ಇಂಥವೆಲ್ಲ ಎಲ್ಲಿದೆ?"

ಅಪ್ಪ ತಲೆ ಆಡಿಸಿದ್ರು. ನಾನು ನಕ್ಕೆ. ಬರೀ ನಗಲಿಲ್ಲ, ಇನ್ನೊಂದು ಜೋಕ್ ಸೇರಿಸಿದೆ. ಏನು ಅಂತ ಇಲ್ಲಿ ಬರೆಯಲ್ಲ, ನಾಚಿಕೆ ಆಗುತ್ತೆ. ಗೆಳೆಯನೂ ನಕ್ಕ. ಆಮೇಲೆ ಅರ್ಧ ಮುದ್ದೆ ಬಿಟ್ಟು ಎದ್ದ. ಅದನ್ನ ಗಮನಿಸಿದ್ದು ಅಮ್ಮ ಒಬ್ಬಳೇ. "ಯಾಕಪ್ಪಾ, ಸಾರು ಖಾರ ಆಯ್ತಾ?" ಅಂದ್ಳು.

(2/7)
ಒಂದೂವರೆ ವರ್ಷ ಆದಮೇಲೆ ಅವನು ನನಗೆ ಹೇಳಿದ. ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋಗ್ತಾ, ನನ್ನ ಮುಖ ನೋಡದೆ, ರಸ್ತೆ ನೋಡ್ಕೊಂಡು. "ನಾನು ಗೇ ಕಣೋ."

ಸಿನಿಮಾದಲ್ಲಿ ಆದ್ರೆ ತಕ್ಷಣ ತಬ್ಬಿಕೊಳ್ತಾರೆ. ನಾನು "ಹೌದಾ" ಅಂದೆ ಅಷ್ಟೆ. ಆಮೇಲೆ "ಯಾವಾಗಿಂದ?" ಅಂತ ಪೆದ್ದು ಪ್ರಶ್ನೆ ಕೇಳಿದೆ. ಅವನು ಬೈಯಲಿಲ್ಲ.

ಸ್ವಲ್ಪ ದೂರ ಹೋದಮೇಲೆ ಅವನೇ ಆ ರಾತ್ರಿ ಊಟದ ವಿಷಯ ತೆಗೆದ. ನಾನು ಮರೆತೇಬಿಟ್ಟಿದ್ದೆ. ಅವನಿಗೆ ಚಿಕ್ಕಪ್ಪ ಅಂದಿದ್ದು, ನಾನು ಸೇರಿಸಿದ್ದು, ಒಂದೊಂದು ಪದವೂ ನೆನಪಿತ್ತು. "ಬೆಳಗ್ಗೆ ಐದಕ್ಕೆ ಎದ್ದು ಸಗಣಿ ಬಾಚ್ತೀನಿ. ಎರಡು ಹಸು ಹಾಲು ಕರೆದು ಡೈರಿಗೆ ಹಾಕಿ ಕಾಲೇಜಿಗೆ ಬರ್ತೀನಿ. ನಾನ್ಯಾವ ಸೀಮೆ ಎಲೈಟು, ಹೇಳು?"

ಅವನ ಒಪ್ಪಿಗೆ ಕೇಳಿ ಇದನ್ನ ಬರೀತಾ ಇದೀನಿ. ಪೋಸ್ಟ್ ಮಾಡೋ ಮುಂಚೆ ಏಳನ್ನೂ ಅವನೇ ಓದಿದಾನೆ. ದಯವಿಟ್ಟು ಯಾರು ಅಂತ ಹುಡುಕೋಕೆ ಹೋಗಬೇಡಿ. ಗೆಸ್ ಮಾಡಿ ನನಗೆ ಮೆಸೇಜ್ ಮಾಡಿದ್ರೆ ಬ್ಲಾಕ್ ಮಾಡ್ತೀನಿ, ಕ್ಲಾಸ್‌ಮೇಟ್ ಆದ್ರೂ ಸರಿ.

(3/7)
ಅವತ್ತಿಂದ ನಾನು ಹಳೇ ಸುದ್ದಿಗಳನ್ನ ಹುಡುಕಿ ಓದೋಕೆ ಶುರು ಮಾಡಿದೆ. ಚಿಕ್ಕಪ್ಪನ ಬಾಯಿಗೆ ಆ ಮಾತು ಎಲ್ಲಿಂದ ಬಂತು ಅಂತ ನೋಡಬೇಕಿತ್ತು.

ಮೊದಲ ಪದ: ಕಾಯಿಲೆ.

2011ರ ಜುಲೈ, ದೆಹಲಿ. ಎಚ್‌ಐವಿ ಬಗ್ಗೆ ದೊಡ್ಡ ಸಮಾವೇಶ. ಜನಪ್ರತಿನಿಧಿಗಳೆಲ್ಲ ಸೇರಿದ್ರು. ಆಗಿನ ಕೇಂದ್ರ ಆರೋಗ್ಯ ಸಚಿವ ಗುಲಾಂ ನಬಿ ಆಜಾದ್ ಅಲ್ಲಿ ಮಾತಾಡ್ತಾ, ಗಂಡಸರು ಗಂಡಸರ ಜೊತೆ ಸಂಬಂಧ ಇಟ್ಕೊಳ್ಳೋದು ಅಸಹಜ, ಅದು ಹೊರದೇಶದಿಂದ ಬಂದ ಕಾಯಿಲೆ ಅನ್ನೋ ಅರ್ಥದಲ್ಲಿ ಹೇಳಿದ್ರು. ಗಲಾಟೆ ಆದಮೇಲೆ ನನ್ನ ಮಾತನ್ನ ತಪ್ಪಾಗಿ ವರದಿ ಮಾಡಿದ್ದಾರೆ ಅಂದ್ರು.

ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಪ್ರೇಮವನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1990ರ ಮೇ 17ಕ್ಕೆ. ಅಂದ್ರೆ ಸಚಿವರು ಮಾತಾಡೋ ಹೊತ್ತಿಗೆ 21 ವರ್ಷ ಆಗಿತ್ತು. ಹೊರದೇಶದಿಂದ ಬಂದಿದ್ದು ಏನಾದ್ರೂ ಇದ್ರೆ ಅದು ಕಾನೂನು. ಸೆಕ್ಷನ್ 377 ಇದ್ದಿದ್ದು ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯಲ್ಲಿ.

ಯಾರು ಹೇಳಿದ್ರು ಅನ್ನೋದನ್ನೂ ನೋಡಿ. ಎಚ್‌ಐವಿ ಟೆಸ್ಟಿಗೆ ಬನ್ನಿ, ಹೆದರಬೇಡಿ ಅಂತ ಈ ಜನರನ್ನೇ ಕರೀಬೇಕಾದ ಇಲಾಖೆಯ ಸಚಿವರು. ನೀನೇ ಒಂದು ಕಾಯಿಲೆ ಅಂತ ಅವರಿಂದಲೇ ಕೇಳಿಸಿಕೊಂಡವನು ಸರ್ಕಾರಿ ಆಸ್ಪತ್ರೆ ಬಾಗಿಲಲ್ಲಿ ಹೆಸರು ಬರೆಸ್ತಾನಾ? ನೀವಾದ್ರೆ ಬರೆಸ್ತೀರಾ?

(4/7)
ಎರಡನೇ ಪದ: ನಾರ್ಮಲ್.

2015ರ ಜನವರಿ, ಗೋವಾ. ಕ್ರೀಡೆ ಮತ್ತು ಯುವಜನ ಖಾತೆ ಸಚಿವ ರಮೇಶ್ ತವಡ್ಕರ್, ರಾಜ್ಯದ ಯುವನೀತಿ ಬಿಡುಗಡೆ ಮಾಡೋ ಸಮಯದಲ್ಲಿ, ಇಂಥ ಯುವಕರನ್ನ ನಾರ್ಮಲ್ ಮಾಡೋಕೆ ಕೇಂದ್ರಗಳನ್ನ ತೆರೀತೀವಿ, ತರಬೇತಿ ಕೊಡ್ತೀವಿ, ಔಷಧಿನೂ ಕೊಡ್ತೀವಿ ಅಂದ್ರು. ದೇಶವೆಲ್ಲ ಸುದ್ದಿ ಆಯ್ತು. ಆಗಲೂ ಅದೇ ಕಥೆ. ಮುಖ್ಯಮಂತ್ರಿ ಆ ಮಾತಿಂದ ದೂರ ಸರಿದ್ರು, ಸಚಿವರು ನನ್ನ ಮಾತು ತಪ್ಪಾಗಿ ಬಂದಿದೆ ಅಂದ್ರು.

ಈಗ ನನ್ನ ಗೆಳೆಯನ ಕಡೆಯಿಂದ ನೋಡಿ. ಹದಿನಾರು ವರ್ಷ. ಕೈಗೆ ಮೊದಲ ಫೋನು. ರಾತ್ರಿ ಕಂಬಳಿ ಒಳಗೆ ಬ್ರೈಟ್‌ನೆಸ್ ಕಮ್ಮಿ ಮಾಡಿಕೊಂಡು "ಇದನ್ನ ಸರಿ ಮಾಡೋದು ಹೇಗೆ" ಅಂತ ಹುಡುಕ್ತಾನೆ. ಈ ಹಳೇ ಸುದ್ದಿ ಸಿಗುತ್ತೆ. ನಾವು ಅದನ್ನ ಓದಿದ್ರೆ ನಗ್ತೀವಿ. ಅವನು ನಗಲಿಲ್ಲ. ಅವನು ನನಗೆ ಹೇಳಿದ್ದು ಹಿಂಗೆ: "ಮಿನಿಸ್ಟರೇ ಔಷಧಿ ಇದೆ ಅಂದಮೇಲೆ ಇರುತ್ತೆ ಅನ್ಕೊಂಡೆ ಕಣೋ. ಖುಷಿ ಆಯ್ತು."

ಖುಷಿ ಆಯ್ತಂತೆ. ಅಲ್ಲೇ ನನಗೆ ಗಂಟಲು ಕಟ್ಟಿತು.

ಹಾಲಿನ ಬಟವಾಡೆ ದುಡ್ಡಲ್ಲಿ 1,500 ರೂಪಾಯಿ ಮನೆಗೆ ಗೊತ್ತಾಗದ ಹಾಗೆ ಎತ್ತಿಕೊಂಡು ಸಿಟಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋದ. ಅವರು ಹತ್ತು ನಿಮಿಷ ಕೇಳಿ, ಮಾತ್ರೆ ಬರೆದುಕೊಟ್ಟು, ಮುಂದೆ ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ ಅಂದ್ರಂತೆ. ಮೂರು ತಿಂಗಳು ನುಂಗಿದ. ಕ್ಲಾಸಲ್ಲಿ ತೂಕಡಿಸ್ತಿದ್ದ. ನಾವೆಲ್ಲ ಅವನಿಗೆ ಕುಂಭಕರ್ಣ ಅಂತ ಹೆಸರಿಟ್ಟಿದ್ವಿ. ನಾನೇ ಇಟ್ಟಿದ್ದು.

ಗೊತ್ತಿರಲಿ: ಇದು ಮಾನಸಿಕ ಕಾಯಿಲೆ ಅಲ್ಲ ಅಂತ ಭಾರತದ ಮನೋವೈದ್ಯರ ಸಂಘವೇ 2018ರಲ್ಲಿ ಸಾರ್ವಜನಿಕವಾಗಿ ಹೇಳಿದೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ "ಬದಲಾಯಿಸೋ ಚಿಕಿತ್ಸೆ" ನಿಲ್ಲಿಸಬೇಕು ಅಂದಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇದನ್ನ ಮಾಡೋ ವೈದ್ಯರದು ವೃತ್ತಿ ದುರ್ನಡತೆ ಅಂತ ಹೇಳಿತು. ನನ್ನ ಗೆಳೆಯ ಹೋಗಿದ್ದು ಅದಕ್ಕೆ ಸ್ವಲ್ಪ ಮುಂಚೆ.

(5/7)
ಮೂರನೇ ಪದ ಕೋರ್ಟಿನದು. 2009ರಲ್ಲಿ ದೆಹಲಿ ಹೈಕೋರ್ಟ್ 377ರ ಹಲ್ಲು ಕಿತ್ತಿತ್ತು. 2013ರ ಡಿಸೆಂಬರ್ 11ಕ್ಕೆ ಸುಪ್ರೀಂ ಕೋರ್ಟ್ ಅದನ್ನ ವಾಪಸ್ ತಂದಿತು. ಆ ತೀರ್ಪಿನಲ್ಲಿ ಈ ಜನ ದೇಶದ ಜನಸಂಖ್ಯೆಯಲ್ಲಿ ತೀರಾ ಅತ್ಯಲ್ಪ ಭಾಗ ಅನ್ನೋ ಮಾತಿದೆ. ಸ್ವಲ್ಪ ಜನ ಇದ್ದಾರೆ ಅಂದ್ರೆ ಹಕ್ಕೂ ಸ್ವಲ್ಪ ಸಾಕು ಅನ್ನೋ ಹಾಗೆ ಕೇಳಿಸಲ್ವಾ?

2018ರ ಸೆಪ್ಟೆಂಬರ್ 6ಕ್ಕೆ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನ ತಿದ್ದಿದ್ರು. ಇತಿಹಾಸ ಈ ಸಮುದಾಯಕ್ಕೂ ಅವರ ಕುಟುಂಬಗಳಿಗೂ ಕ್ಷಮೆ ಕೇಳಬೇಕಿದೆ ಅಂತ ಅವತ್ತು ಬರೆದವರು ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಕುಟುಂಬಗಳಿಗೂ ಅಂತ ಸೇರಿಸಿದ್ದು ನನಗೆ ಬಹಳ ಹಿಡಿಸ್ತು.

ನಾಲ್ಕನೇದು ನಮ್ಮ ಮನೆಗೆ ಬಂದ ಪದ: ಎಲೈಟ್.

ಮೊದಲಿನ ಮೂರಕ್ಕಿಂತ ಇದು ಮೆತ್ತಗಿದೆ. ಬೈಗುಳದ ಹಾಗೆ ಕೇಳಿಸೋದೇ ಇಲ್ಲ. ಆದ್ರೆ ಹಳ್ಳಿ ಹುಡುಗನಿಗೆ ಅದು ಹೇಳೋದು ಏನು ಗೊತ್ತಾ? ನೀನು ಇಲ್ಲವೇ ಇಲ್ಲ ಅಂತ. ಕಾಯಿಲೆ ಅಂದವರು ಇದ್ದಾನೆ ಅಂತಾದ್ರೂ ಒಪ್ಪಿದ್ರು.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕು ಸಿಗಲಿಲ್ಲ. ಆದ್ರೆ ಆಗಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಈ ಎಲೈಟ್ ಮಾತಿಗೆ ನೇರ ಉತ್ತರ ಬರೆದ್ರು. ಇದು ನಗರದ್ದೂ ಅಲ್ಲ, ಎಲೈಟೂ ಅಲ್ಲ, ಹಳ್ಳಿಯಲ್ಲಿ ಹೊಲದ ಕೆಲಸ ಮಾಡೋ ಹೆಣ್ಣುಮಗಳೂ ಕ್ವಿಯರ್ ಆಗಿರಬಹುದು ಅಂತ. ನಮಗೆ ಇದು ಹೊಸ ವಿಷಯ ಅಲ್ಲ, ಆಗಬಾರದು. ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಅವರ 'ಮೋಹನಸ್ವಾಮಿ' ಕನ್ನಡದಲ್ಲಿ ಬಂದಿದ್ದು 2013ರಲ್ಲೇ. ಗೆಳೆಯ ಅದನ್ನ ಓದಿ ಪುಸ್ತಕಕ್ಕೆ ಪೇಪರ್ ಬೈಂಡ್ ಹಾಕಿ, ಮೇಲೆ "ಬಿಸಿನೆಸ್ ಸ್ಟಡೀಸ್" ಅಂತ ಬರೆದು ಇಟ್ಟಿದ್ದ.

(6/7)
ಒಂದು ವಿಷಯ ಗಮನಿಸಿದ್ರಾ? ಪಕ್ಷ ಬೇರೆ ಬೇರೆ. ಇದು ಆ ಪಾರ್ಟಿ ಈ ಪಾರ್ಟಿ ಜಗಳ ಅಲ್ಲ, ಕಾಮೆಂಟಲ್ಲಿ ಅದನ್ನ ಶುರು ಮಾಡಬೇಡಿ.

"ಅವರು ಅವರ ಅಭಿಪ್ರಾಯ ಹೇಳಿದ್ರು, ಅಷ್ಟಕ್ಕೆ ಇಷ್ಟು ಯಾಕೆ?" ಅಂತ ಒಬ್ಬ ಫ್ರೆಂಡ್ ಕೇಳಿದ. ನನ್ನ ಉತ್ತರ ಇದು. ಚಿಕ್ಕಪ್ಪ ಹೇಳಿದ್ರೆ ಅದು ಚಿಕ್ಕಪ್ಪನ ಅಭಿಪ್ರಾಯ, ಜಗಳ ಆಡಬಹುದು. ಮಂತ್ರಿ ಹೇಳಿದ್ರೆ ಅದು ಚಿಕ್ಕಪ್ಪನಿಗೆ ಸಾಕ್ಷಿ ಆಗುತ್ತೆ. "ಸರ್ಕಾರನೇ ಹೇಳ್ತು" ಅಂದಮೇಲೆ ಅಪ್ಪ ತಲೆ ಆಡಿಸ್ತಾರೆ, ನನ್ನಂಥವನು ನಗ್ತಾನೆ, ಡಾಕ್ಟರು ಮಾತ್ರೆ ಬರೀತಾರೆ. ಯಾರಿಗೂ ತಾವು ತಪ್ಪು ಮಾಡ್ತಿದ್ದೀವಿ ಅನ್ಸೋದೇ ಇಲ್ಲ.

ಬಿಕಾಂನವರಿಗೆ ಒಂದು ಮಾತು. ಮೊದಲ ಎಂಟ್ರಿಯಲ್ಲೇ ತತ್ವದ ತಪ್ಪಾದ್ರೆ ಏನಾಗುತ್ತೆ? ಲೆಡ್ಜರಿಗೆ ಹೋಗುತ್ತೆ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿನೂ ಆಗುತ್ತೆ. ಎಲ್ಲ ಸರಿ ಇದೆ ಅನ್ಸುತ್ತೆ. ತಿದ್ದೋ ಎಂಟ್ರಿ ಹಾಕೋವರೆಗೂ ಲೆಕ್ಕ ತಪ್ಪೇ. ಮಂತ್ರಿಗಳು ಮಾರನೇ ದಿನ "ನಾನು ಹಂಗೆ ಹೇಳಿಲ್ಲ" ಅಂತಾರಲ್ಲ, ಆ ತಿದ್ದುಪಡಿ ನಮ್ಮೂರ ಲೆಡ್ಜರಿಗೆ ಬಂದು ಸೇರಿಲ್ಲ. ಕಾಯಿಲೆ ಅನ್ನೋದು ಬಂತು, ಕಾಯಿಲೆ ಅಲ್ಲ ಅನ್ನೋದು ಬರಲಿಲ್ಲ.

(7/7)
ಹೋದ ಹಬ್ಬಕ್ಕೆ ಚಿಕ್ಕಪ್ಪ ಮತ್ತೆ ಬಂದಿದ್ರು. ಮತ್ತೆ ಯಾವುದೋ ಕ್ಲಿಪ್ಪು, ಮತ್ತೆ ಅದೇ ಮಾತು. ಈ ಸಲ ನಾನು ಬಾಯಿಬಿಟ್ಟೆ. "ಅದು ಕಾಯಿಲೆ ಅಲ್ಲ ಚಿಕ್ಕಪ್ಪ. ನಮ್ ಕಡೆನೂ ಇದ್ದಾರೆ."

"ಯಾರಪ್ಪಾ ಇರೋದು? ತೋರ್ಸು ನೋಡೋಣ."

ತೋರಿಸೋಕಾಗಲ್ಲ. ನನ್ನ ಕೈಲಿರೋದು ಬೇರೆಯವನ ಗುಟ್ಟು. ಸುಮ್ಮನಾದೆ. ಚಿಕ್ಕಪ್ಪ ಗೆದ್ದ ಹಾಗೆ ನಕ್ಕರು. ಅಪ್ಪ ಮಾತ್ರ ಈ ಸಲ ತಲೆ ಆಡಿಸಲಿಲ್ಲ, ಚಾನೆಲ್ ಬದಲಾಯಿಸಿದ್ರು. ನನಗೆ ಅಷ್ಟೇ ಸಿಕ್ಕಿದ್ದು.

ನಿಮ್ಮನ್ನ ಮೆರವಣಿಗೆಗೆ ಬನ್ನಿ ಅಂತ ಕರೀತಿಲ್ಲ. ಇಂಥ ಕ್ಲಿಪ್ ಕ್ಲಾಸ್ ಗ್ರೂಪಿಗೆ ಬಂದ್ರೆ ನಗೋ ಎಮೋಜಿ ಹಾಕಬೇಡಿ. ಫಾರ್ವರ್ಡ್ ಮಾಡಬೇಡಿ. ಆದ್ರೆ "ಇದು ಸುಳ್ಳು" ಅಂತ ಒಂದೇ ಒಂದು ಸಾಲು ಟೈಪ್ ಮಾಡಿ. ಅರವತ್ತು ಜನರ ಗ್ರೂಪಲ್ಲಿ ಆ ಒಂದು ಸಾಲನ್ನ ಯಾರೋ ಒಬ್ಬರು ಹತ್ತು ಸಲ ಓದ್ತಾರೆ.

ಕೊನೆಗೆ, ಆ ಒಬ್ಬರಿಗೆ. ನೀನು ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಈ ಪೋಸ್ಟಿಗೆ ಲೈಕ್ ಕೊಟ್ರೆ ಯಾರಾದ್ರೂ ನೋಡ್ತಾರೆ ಅಂತ ಭಯ ಇದ್ರೆ ಕೊಡಬೇಡ. ಸೇವ್ ಮಾಡು, ಅದು ಯಾರಿಗೂ ಕಾಣಲ್ಲ. ರಾತ್ರಿ ತುಂಬಾ ಕಷ್ಟ ಆದ್ರೆ ಟೆಲಿ ಮಾನಸ್ ಇದೆ, 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಔಷಧಿ ಹುಡುಕಬೇಡ. ಔಷಧಿ ಇಲ್ಲ, ಯಾಕಂದ್ರೆ ಕಾಯಿಲೆನೇ ಇಲ್ಲ.

ಮತ್ತೆ ಅವತ್ತು ನಕ್ಕಿದ್ದಕ್ಕೆ, ಕುಂಭಕರ್ಣ ಅಂದಿದ್ದಕ್ಕೆ, ಸಾರಿ ಕಣೋ. ಬಾಯಲ್ಲಿ ಹೇಳಿದ್ದೆ, ಬರೆದು ಹೇಳಿರಲಿಲ್ಲ.

#ಕನ್ನಡಬರಹ #ನಮ್ಮೂರಲ್ಲೂಇದ್ದಾರೆ #ಉದ್ದಪೋಸ್ಟು