ಏಳೂವರೆ ಸಾಕು ಮಗಾ

ಪ್ರೀತಿಯ ಪುಟ್ಟಾ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನಮ್ಮ ಫೋನು ಹೇಗೆ ನಡೆಯುತ್ತದೆ ಅಂತ ನಿನಗೇ ಗೊತ್ತಲ್ಲ. ನೀನು ಪಿಎಚ್ ಎಷ್ಟು, ಉಪ್ಪು ಎಷ್ಟು ಅನ್ನುತ್ತೀಯ, ನಾನು ಡೈರಿ ನೋಡಿ ಹೇಳುತ್ತೇನೆ, ಅಷ್ಟರಲ್ಲಿ ನಿನಗೆ ಮೀಟಿಂಗ್. ಊಟ ಆಯಿತಾ ಅಂತ ಕೇಳುವ ಹೊತ್ತಿಗೆ ಲೈನು ಕಟ್. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ.

ನಮ್ಮ ಹವಳದ ಟ್ಯಾಂಕಿನ ಆಲ್ಕಲಿನಿಟಿಯನ್ನು ಏಳೂವರೆಯಿಂದ ಒಂಬತ್ತಕ್ಕೆ ಏರಿಸು ಅಂದೆ. ಕಷ್ಟವಾಗುತ್ತಿದ್ದರೆ ಟ್ಯಾಂಕನ್ನೇ ಯಾರಿಗಾದರೂ ಮಾರಿಬಿಡೋಣ ಅಮ್ಮಾ, ಅಂತಲೂ ಅಂದೆ. ಎರಡಕ್ಕೂ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ಮೊದಲು ಸಮಾಚಾರ. ಕ್ಲೌನ್ ಮೀನಿನ ಜೋಡಿ ಚೆನ್ನಾಗಿದೆ. ಹೆಣ್ಣು ಈಗ ನನ್ನ ಕೈಯನ್ನು ಕಂಡರೂ ಮೈಮೇಲೆ ಬರುತ್ತದೆ. ಜೋಯಾಂಥಿಡ್‌ಗಳು ಪಕ್ಕದ ಕಲ್ಲಿಗೂ ಹಬ್ಬಿವೆ. ಕ್ಯಾಮೆರಾದಲ್ಲಿ ನೋಡಿ ನೀನು ಗಾಬರಿಯಾದೆಯಲ್ಲ, ಲೆದರ್ ಹವಳ ಮುದುಡಿ ಬೂದು ಬಣ್ಣಕ್ಕೆ ತಿರುಗಿದೆ ಅಂತ, ಅದಕ್ಕೆ ಏನೂ ಆಗಿರಲಿಲ್ಲ. ಆಗಾಗ ಅದು ಮೈಮೇಲಿನ ಮೇಣದಂಥ ಪೊರೆಯನ್ನು ಕಳಚುತ್ತದೆ. ಕೆಲವು ದಿನ ಸುಮ್ಮನೆ ಬಿಟ್ಟೆ. ಪೊರೆ ಕಳಚಿಹೋಗುವಂತೆ ಪಂಪಿನ ನೀರಿನ ಸೆಳೆತವನ್ನು ಸ್ವಲ್ಪ ಆ ಕಡೆ ತಿರುಗಿಸಿದೆ, ಅಷ್ಟೆ. ಈಗ ಮತ್ತೆ ಅಂಗೈಯಗಲ ಅರಳಿ ನಿಂತಿದೆ. ನೀನು ಆ ದಿನ ಕಳಿಸಿದ ಏಳು ಮೆಸೇಜಿನಲ್ಲಿ ಹೇಳಿದ್ದನ್ನೆಲ್ಲ ಮಾಡಿದ್ದರೆ ಅದು ಖಂಡಿತ ಸಾಯುತ್ತಿತ್ತು.

ನಿನಗೆ ಈ ಹುಚ್ಚು ಹಿಡಿದದ್ದು ನೇತ್ರಾಣಿ ದ್ವೀಪದಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ನೀರಿಗೆ ಧುಮುಕಿ, ಸಂಜೆ ಉಪ್ಪುಗಟ್ಟಿದ ತಲೆಯಲ್ಲೇ ಫೋನು ಮಾಡಿ ‘ಅಮ್ಮಾ, ಕೆಳಗೆ ಒಂದು ಊರೇ ಉಂಟು’ ಅಂದಿದ್ದೆ. ಬೆಂಗಳೂರಿಗೆ ಬಂದವನೇ ಗಾಜಿನ ಟ್ಯಾಂಕ್ ತರಿಸಿದೆ. ಆಗ ನಿನ್ನ ಬಗ್ಗೆ ನನಗೆ ಹೆಮ್ಮೆಯಾದದ್ದು ಒಂದು ವಿಷಯಕ್ಕೆ. 2001ರಿಂದ ನಮ್ಮ ದೇಶದಲ್ಲಿ ಕಲ್ಲುಹವಳವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಯಾರೋ ಗುಟ್ಟಾಗಿ ಕೊಡುತ್ತೇನೆ ಅಂದಾಗ ನೀನು ಮುಟ್ಟಲಿಲ್ಲ. ಗೆಳೆಯರ ಟ್ಯಾಂಕಿನಲ್ಲಿ ಬೆಳೆದ ಮೆತ್ತನೆ ಜಾತಿಯ ತುಂಡುಗಳನ್ನಷ್ಟೇ ತಂದು ಅಂಟಿಸಿದೆ.

ನನ್ನ ವಾದ ಶುರುವಾಗುವುದೂ ಇಲ್ಲಿಂದಲೇ. ಈಗ ನೀನಿರುವ ಜರ್ಮನಿಯಲ್ಲಿ ನಿನ್ನ ಗೆಳೆಯರ ಟ್ಯಾಂಕಿನಲ್ಲಿರುವುದು ಕೊಂಬೆಕೊಂಬೆಯಾಗಿ ಬೆಳೆಯುವ ಕಲ್ಲುಹವಳ. ಅದು ದಿನವೂ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಎಳೆದುಕೊಂಡು ತನ್ನ ಅಸ್ಥಿ ಕಟ್ಟುತ್ತದೆ. ಅವರು ಒಂಬತ್ತು ಇಟ್ಟುಕೊಳ್ಳಲಿ, ಹತ್ತು ಇಟ್ಟುಕೊಳ್ಳಲಿ, ಅವರಿಗೆ ಅದರ ಖರ್ಚಿದೆ. ನಮ್ಮಲ್ಲಿ ಸುಣ್ಣ ತಿನ್ನುವವರು ಯಾರು? ಕಲ್ಲಿನ ಮೇಲಿನ ನೇರಳೆ ಸುಣ್ಣದ ಪಾಚಿ, ನಾಲ್ಕಾರು ಬಸವನಹುಳ, ಮೆತ್ತನೆ ಹವಳದ ಮೈಯೊಳಗಿನ ಸಣ್ಣ ಸಣ್ಣ ಸುಣ್ಣದ ಕಣ. ಸಮುದ್ರದ ನೀರಿನ ಆಲ್ಕಲಿನಿಟಿಯೇ ಏಳು ಡಿಕೆಎಚ್‌ನ ಆಸುಪಾಸಿನಲ್ಲಿದೆ. ಅದರಲ್ಲಿ ಹುಟ್ಟಿದ ಜೀವಕ್ಕೆ ಏಳೂವರೆ ಯಾಕೆ ಸಾಲದು? ಏಳೂವರೆ ಅಂದರೆ ಶನಿಕಾಟದ ಲೆಕ್ಕ ಅಂತ ನಿನ್ನ ಅಪ್ಪ ನಗುತ್ತಾರೆ. ನಗಲಿ.

ಬರೀ ಮಾತಲ್ಲ, ಲೆಕ್ಕ ಇಟ್ಟಿದ್ದೇನೆ. ಒಂದು ವಾರ ನೀರಿಗೆ ಏನೂ ಹಾಕದೆ, ನೀರು ಬದಲಿಸದೆ ಬಿಟ್ಟೆ. ಮೊದಲ ದಿನ 7.8 ಇದ್ದದ್ದು ವಾರದ ಕೊನೆಗೆ 7.1ಕ್ಕೆ ಬಂತು. ಅದೇ ವಾರ ಕ್ಯಾಲ್ಸಿಯಂ ಮೊದಲೂ 420, ಕೊನೆಗೂ 420. ಕಿಟ್ ಕೆಟ್ಟಿದೆ ಅಂತ ನೀನು ಹೇಳುತ್ತಿದ್ದೆಯೇನೋ. ಕೆಟ್ಟಿಲ್ಲ. ಸುಣ್ಣದ ಕಲ್ಲು ಕಟ್ಟುವಾಗ ಆಲ್ಕಲಿನಿಟಿ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಇಳಿಯುವುದು ಲೀಟರಿಗೆ 20 ಮಿಲಿಗ್ರಾಂ. ಆ ಲೆಕ್ಕದಲ್ಲಿ ನಮ್ಮಲ್ಲಿ ಇಳಿದದ್ದು ಐದು. ಹತ್ತರ ಮೆಟ್ಟಿಲಿನಲ್ಲಿ ಅಳೆಯುವ ಕಿಟ್‌ಗೆ ಐದು ಹೇಗೆ ಕಾಣಬೇಕು? ಅದಕ್ಕೇ ನಾನು ಕ್ಯಾಲ್ಸಿಯಂ ಅನ್ನು ತಿಂಗಳಿಗೊಮ್ಮೆ ನೋಡುತ್ತೇನೆ, ಆಲ್ಕಲಿನಿಟಿಯನ್ನು ವಾರಕ್ಕೆ ಎರಡು ಸಲ, ಬೆಳಗ್ಗೆ ದೀಪ ಹತ್ತುವ ಮೊದಲು. ಇನ್ನೂರು ಲೀಟರ್ ನೀರಿನಲ್ಲಿ ವಾರವಿಡೀ ಖರ್ಚಾದದ್ದನ್ನು ತುಂಬಲು ಬೇಕಾಗುವ ಸುಣ್ಣ ಎರಡು ಗ್ರಾಮಿಗಿಂತ ಕಡಿಮೆ. ಅಮ್ಮಮ್ಮನ ಒಂದು ದಿನದ ವೀಳ್ಯಕ್ಕೇ ಅಷ್ಟು ಬೇಕಿತ್ತೋ ಏನೋ. ಇಷ್ಟಕ್ಕೆ ನೀನು ಮೂರು ತಲೆಯ ಡೋಸಿಂಗ್ ಪಂಪು ಕಳಿಸುತ್ತೇನೆ ಅನ್ನುತ್ತೀಯ.

ಅಮ್ಮಮ್ಮನ ನೆನಪು ಸುಮ್ಮನೆ ಬರಲಿಲ್ಲ. ಗಂಗೊಳ್ಳಿಯ ಅಳಿವೆಯ ಹತ್ತಿರ ನಾನು ಚಿಕ್ಕವಳಿದ್ದಾಗ ಚಿಪ್ಪು ಸುಡುವ ಸುಣ್ಣದ ಗೂಡು ಇತ್ತು. ಹೊಳೆಯಲ್ಲಿ ಆಯ್ದ ಚಿಪ್ಪನ್ನು ಇದ್ದಿಲಿನ ಜೊತೆ ಹೇರಿ ಸುಡುತ್ತಿದ್ದರು. ಆಮೇಲೆ ನೀರು ಚಿಮುಕಿಸಿದರೆ ಚಿಪ್ಪು ಬುಸ್ಸೆಂದು ಬಿರಿದು ಬೆಳ್ಳಗಿನ ಹಿಟ್ಟಾಗುತ್ತಿತ್ತು. ಗೋಡೆಗೂ ಅದೇ, ವೀಳ್ಯಕ್ಕೂ ಅದೇ. ಮುಂದೆ ಹೈಸ್ಕೂಲಿನಲ್ಲಿ ಪಾಠ ಹೇಳುವಾಗ ವರ್ಷವೂ ಮಕ್ಕಳ ಕೈಗೆ ಸುಣ್ಣದ ತಿಳಿನೀರು ಕೊಟ್ಟು ಕೊಳವೆಯಲ್ಲಿ ಊದಿಸುತ್ತಿದ್ದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿ ತಿಳಿನೀರು ಹಾಲಿನ ಹಾಗೆ ಬೆಳ್ಳಗಾದರೆ ಮಕ್ಕಳು ಹೋ ಅನ್ನುತ್ತಿದ್ದರು. ನಿಮ್ಮ ಹವ್ಯಾಸದವರು ಕಾಲ್ಕ್‌ವಾಸರ್ ಅಂತ ಜರ್ಮನ್ ಹೆಸರಿನಲ್ಲಿ ಕರೆಯುವುದು ಇದನ್ನೇ. ನಿವೃತ್ತಿಯಾದ ಮೇಲೂ ನಾನು ಅದೇ ಸೀಸೆ ಹಿಡಿದು ಕೂತಿದ್ದೇನೆ ನೋಡು.

ಅಂಗಡಿಯ ವೀಳ್ಯದ ಸುಣ್ಣ ಹಾಕುವುದಿಲ್ಲ, ಅದರಲ್ಲಿ ಇನ್ನೇನೇನು ಬೆರೆತಿರುತ್ತದೋ. ಲ್ಯಾಬಿಗೆ ಕೊಡುವ ಶುದ್ಧ ಸುಣ್ಣವನ್ನೇ ತೂಗಿ, ಆರ್‌ಒ ನೀರಿಗೆ ಕಲಸಿ, ಮುಚ್ಚಿಟ್ಟು, ಕೆಳಗೆ ಗಷ್ಟು ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಸಿಯುತ್ತೇನೆ. ಆವಿಯಾದ ನೀರಿನ ಜಾಗಕ್ಕೆ ಅದು ರಾತ್ರಿ ಹನಿಹನಿಯಾಗಿ ಬೀಳುತ್ತದೆ. ರಾತ್ರಿಯೇ ಯಾಕೆಂದರೆ ದೀಪ ಆರಿದ ಮೇಲೆ ಪಾಚಿ ಮತ್ತು ಹವಳಗಳು ಇಂಗಾಲದ ಡೈಆಕ್ಸೈಡ್ ಹೀರುವುದು ನಿಂತು, ಬಿಡುವುದು ಮಾತ್ರ ಉಳಿಯುತ್ತದೆ. ಆಗ ಪಿಎಚ್ ಇಳಿಯುತ್ತದೆ. ತಿಳಿನೀರು ಅದನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿ ಎರಡನ್ನೂ ಬೇಕಾದ ಪ್ರಮಾಣದಲ್ಲೇ ಒಟ್ಟಿಗೆ ತರುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಎಂಬ ತಕರಾರೇ ಇಲ್ಲ. ಗಟ್ಟಿ ತಿಳಿನೀರಿನ ಪಿಎಚ್ ಹನ್ನೆರಡರ ಮೇಲಿರುವುದರಿಂದ ಒಮ್ಮೆಲೇ ಸುರಿಯಬಾರದು, ಅದೊಂದೇ ಎಚ್ಚರ. ಆ ಸೀಸೆಯನ್ನು ಕಪಾಟಿನಲ್ಲಿ ಮೇಲಿಟ್ಟು ಬೀಗ ಹಾಕಿದ್ದೇನೆ, ನಿನ್ನ ಅಕ್ಕನ ಮಗು ಬಂದರೆ ಯಾವುದನ್ನೂ ಬಿಡುವುದಿಲ್ಲ.

ಈಗ ಸತ್ಯನಾರಾಯಣ ಪೂಜೆಯ ದಿನದ ಕಥೆ. ಹೊರಗೆ ಜಡಿಮಳೆ, ಕಿಟಕಿಗಳೆಲ್ಲ ಮುಚ್ಚಿವೆ, ಮನೆ ತುಂಬ ನೆಂಟರು, ಅಡುಗೆಮನೆಯಲ್ಲಿ ಗ್ಯಾಸಿನ ನಾಲ್ಕೂ ಒಲೆ ಉರಿಯುತ್ತಿವೆ, ಹಾಲ್‌ನಲ್ಲಿ ಹೋಮ. ನಿನಗೆ ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ, ಫೋನು ಬಂತು: ಟ್ಯಾಂಕಿನ ಅಲಾರಂ ಪಿಎಚ್ 7.7 ತೋರಿಸುತ್ತಿದೆ, ಕೂಡಲೇ ಸೋಡಾ ಹಾಕು. ಪುರೋಹಿತರ ಮುಂದೆ ಕೂತು ನಾನು ಸೋಡಾ ಎಲ್ಲಿಂದ ಹಾಕಲಿ? ಕಥೆ ಮುಗಿದ ಮೇಲೆ ಕಿಟ್‌ನ ಹನಿ ಎಣಿಸಿ ನೋಡಿದೆ, ಆಲ್ಕಲಿನಿಟಿ ಏಳೂವರೆಗೆ ಏಳೂವರೆಯೇ ಇತ್ತು. ಇಂಗಾಲದ ಡೈಆಕ್ಸೈಡ್ ನೀರಿಗಿಳಿದರೆ ಪಿಎಚ್ ಕುಸಿಯುತ್ತದೆ, ಆಲ್ಕಲಿನಿಟಿ ಅಲ್ಲಾಡುವುದಿಲ್ಲ. ನೀರಿಗೆ ಏನೂ ಕಡಿಮೆಯಾಗಿರಲಿಲ್ಲ ಮಗಾ, ಮನೆಯ ಗಾಳಿ ಕೆಟ್ಟಿತ್ತು. ನೆಂಟರು ಹೋದ ಮೇಲೆ ಬಾಲ್ಕನಿಯ ಬಾಗಿಲು ತೆರೆದಿಟ್ಟೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ 8.1. ಅವತ್ತು ಸೋಡಾ ಸುರಿದಿದ್ದರೆ ಗಾಳಿ ಸರಿಹೋದ ಮೇಲೂ ಸೋಡಾ ನೀರಿನಲ್ಲೇ ಉಳಿಯುತ್ತಿತ್ತು. ಅದನ್ನು ಇಳಿಸಲು ನೀನು ಇನ್ನೇನೋ ಹೇಳುತ್ತಿದ್ದೆ. ನಮ್ಮ ಹಾಲ್‌ನಲ್ಲಿ ಒಂದು ಬೆಳಗ್ಗೆ ಆದದ್ದೇ ಸಮುದ್ರಕ್ಕೆ ಕಾರ್ಖಾನೆಗಳ ಕಾಲದಿಂದ ನಡೆದಿದೆ. ಮೇಲಿನ ನೀರಿನ ಪಿಎಚ್ 8.2 ಇದ್ದದ್ದು 8.1ರ ಹತ್ತಿರ ಬಂದಿದೆ. ಅದಕ್ಕೆ ಬಾಲ್ಕನಿಯ ಬಾಗಿಲು ಎಲ್ಲಿದೆ?

ನೀರಿನ ಚಿಂತೆ ಮಾತ್ರ ನಿಜವಾದ ಚಿಂತೆ. 2024ರ ಮಾರ್ಚ್ ನಿನಗೆ ನೆನಪಿರಬೇಕು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಬೇಸಿಗೆ. ಟ್ಯಾಂಕರಿನ ಬೋರ್‌ವೆಲ್ ನೀರು ಎಷ್ಟು ಗಡಸಾಗಿತ್ತೆಂದರೆ ನೀರು ಶುದ್ಧ ಮಾಡುವ ಡಿಐ ಕಾರ್ಟ್ರಿಜ್ ಬಲುಬೇಗ ಬಣ್ಣ ಬದಲಿಸಿಬಿಟ್ಟಿತು. ಒಂದು ಲೀಟರ್ ಶುದ್ಧ ನೀರಿಗೆ ಮೂರ್ನಾಲ್ಕು ಲೀಟರ್ ಚರಂಡಿಗೆ ಹೋಗುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಆವತ್ತಿನಿಂದ ಆ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಬಟ್ಟೆ ನೆನೆಸಲು ಇಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ದಿನವೂ ಸಿಹಿನೀರು ತುಂಬದಿದ್ದರೆ 35 ಇರಬೇಕಾದ ಉಪ್ಪು ನೋಡನೋಡುತ್ತ 37 ಆಗುತ್ತದೆ. ಉಪ್ಪು ಏರಿತೆಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ಏರಿದಂತೆ ಕಾಣುತ್ತದೆ. ಅದಕ್ಕೇ ಯಾವ ಅಂಕಿ ಹೆಚ್ಚುಕಡಿಮೆ ಕಂಡರೂ ನಾನು ಮೊದಲು ನೋಡುವುದು ಉಪ್ಪನ್ನು.

ನಿನ್ನ ಅಪ್ಪನ ಮೇಲೆ ಒಂದು ದೂರು. ಮೀನು ಗಾಜಿನ ಹತ್ತಿರ ಬಂದರೆ ಸಾಕು, ಹಸಿದಿದೆ ಪಾಪ ಅಂತ ಚಿಟಿಕೆ ಹಾಕುತ್ತಾರೆ. ಹೆಚ್ಚಾದ ಊಟವೆಲ್ಲ ಫಾಸ್ಫೇಟ್ ಆಗಿ ನೀರಿಗೆ ಸೇರುತ್ತದೆ, ಗಾಜಿನ ಮೇಲೆ ಹಸಿರು ಪಾಚಿ. ಗಿರಿಮಾವ ಡಯಾಲಿಸಿಸ್‌ಗೆ ಹೋಗುವವನು, ಊಟದ ಜೊತೆ ಸೆವೆಲಮರ್ ಮಾತ್ರೆ ನುಂಗುತ್ತಾನಲ್ಲ, ಅದೂ ಫಾಸ್ಫೇಟ್ ಹಿಡಿಯಲಿಕ್ಕೇ. ಆ ಮಾತ್ರೆಯ ಬಗ್ಗೆ ಓದುವಾಗ ನನಗೆ ಒಂದು ಸಂಗತಿ ಸಿಕ್ಕಿತು. ನಿಮ್ಮವರೆಲ್ಲ ಗುರು ಅಂತ ಹೇಳುವ ರ್ಯಾಂಡಿ ಹೋಮ್ಸ್-ಫಾರ್ಲಿ ಇದ್ದಾರಲ್ಲ, ಹವಳದ ಟ್ಯಾಂಕಿನ ರಸಾಯನಶಾಸ್ತ್ರದ ಬಗ್ಗೆ ಬರೆಯುವವರು, ಆ ಔಷಧವನ್ನು ಕಂಡುಹಿಡಿದವರಲ್ಲಿ ಅವರೂ ಒಬ್ಬರು. ಗಿರಿಮಾವನಿಗೆ ಹೇಳಿದೆ. ‘ಹಾಗಾದರೆ ನಾನೂ ನಿಮ್ಮ ಮೀನೂ ಒಬ್ಬನೇ ಡಾಕ್ಟರ ಕೈಕೆಳಗೆ’ ಅಂತ ನಕ್ಕ. ಬಹಳ ದಿನದ ಮೇಲೆ ಅವನು ನಕ್ಕಿದ್ದು. ಅವನಿಗೆ ಒಮ್ಮೆ ಫೋನು ಮಾಡು.

ಆದರೆ ಫಾಸ್ಫೇಟನ್ನೂ ನೈಟ್ರೇಟನ್ನೂ ಸೊನ್ನೆಗೆ ಇಳಿಸು ಎಂಬ ನಿನ್ನ ಮಾತನ್ನು ನಾನು ಕೇಳುವುದಿಲ್ಲ. ಸೊನ್ನೆಯಾದರೆ ಹವಳಕ್ಕೂ ಊಟವಿಲ್ಲ, ಮೇಲಿಂದ ಡೈನೋ ಅನ್ನುವ ಕಂದು ಲೋಳೆ ಬಂದು ಕಲ್ಲಿಗೆ ಕವಿಯುತ್ತದೆ. ನೈಟ್ರೇಟ್ ಐದರ ಆಸುಪಾಸಿನಲ್ಲಿರಲಿ.

ನೀನು ಅಲ್ಲಿ ಹೊಸ ಟ್ಯಾಂಕ್ ಹಾಕುತ್ತಿದ್ದೀಯಂತೆ, ಅಕ್ಕ ಹೇಳಿದಳು. ನನಗೆ ಯಾಕೆ ಹೇಳಲಿಲ್ಲ? ಹಾಕು, ಅಲ್ಲಿ ಕಾನೂನಿನಂತೆ ಸಾಕಿದ ಕಲ್ಲುಹವಳ ಸಿಗುವುದಾದರೆ ಅದನ್ನೂ ಸಾಕು. ಮೆಗ್ನೀಸಿಯಂ 1300ರ ಹತ್ತಿರ ಇದೆಯಾ ಅಂತ ಮೊದಲು ನೋಡು. ಅದು ಕಡಿಮೆಯಿದ್ದರೆ ನೀನು ಹಾಕಿದ ಕ್ಯಾಲ್ಸಿಯಂ ಹವಳ ಸೇರುವ ಮೊದಲೇ ಸುಣ್ಣವಾಗಿ ಪಂಪಿಗೆ ಕಚ್ಚಿಕೊಳ್ಳುತ್ತದೆ. ಕ್ಯಾಲ್ಸಿಯಂ ದ್ರಾವಣ ಮತ್ತು ಸೋಡಾ ದ್ರಾವಣವನ್ನು ಒಂದೇ ಕಡೆ ಒಟ್ಟಿಗೆ ಸುರಿಯಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿ ಕೆಲವು ದಿನ ಕೈಕಟ್ಟಿ ಕೂರು. ನಿನಗೆ ಇದು ಕಷ್ಟ, ಗೊತ್ತು. ಎಸ್ಸೆಸ್ಸೆಲ್ಸಿಯಲ್ಲೂ ಉತ್ತರ ಸರಿಯಿದ್ದದ್ದನ್ನು ಹೊಡೆದು ಇನ್ನೊಂದು ಬರೆದು ಬಂದವನು ನೀನು. ಜೋಯಾಂಥಿಡ್ ಇರುವ ಕಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡ, ಬಿಸಿನೀರು ಸುರಿದು ತೊಳೆಯಲೇಬೇಡ. ಕೆಲವು ಜಾತಿಯಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಹಬೆಯಲ್ಲಿ ಉಸಿರಿಗೆ ಹೋದರೂ ಆಸ್ಪತ್ರೆಗೆ ಸೇರಬೇಕಾಗುತ್ತದೆ. ನಾನು ಕೈಗವಸು ಮತ್ತು ಕನ್ನಡಕವಿಲ್ಲದೆ ಮುಟ್ಟುವುದಿಲ್ಲ.

ಚಳಿ ಅಂತ ದಿನವಿಡೀ ಕೋಣೆ ಮುಚ್ಚಿಕೊಂಡು ಕೂರಬೇಡ, ದಿನಕ್ಕೆ ಎರಡು ಸಲವಾದರೂ ಕಿಟಕಿ ತೆರೆ. ರಾತ್ರಿ ಹನ್ನೊಂದಕ್ಕೆ ಊಟ ಮಾಡುವುದನ್ನು ಬಿಡು. ನಮ್ಮ ಟ್ಯಾಂಕಿನ ಅಲಾರಂ ನಿನ್ನ ಫೋನಿನಿಂದ ತೆಗೆದುಹಾಕು. ನಿದ್ದೆಗೆಟ್ಟು ಅಲ್ಲಿಂದ ಏನು ಮಾಡುತ್ತೀಯ? ಏನಾದರೂ ನಿಜವಾಗಿ ಕೆಟ್ಟರೆ ನಾನೇ ಎಬ್ಬಿಸುತ್ತೇನೆ.

ಟ್ಯಾಂಕ್ ಮಾರುವುದಿಲ್ಲ. ಕೇಳಿ ಬಂದವರಿಗೆ ನೀನೇ ಫೋನು ಮಾಡಿ ಇಲ್ಲ ಅಂತ ಹೇಳಿಬಿಡು, ನನಗೆ ದಾಕ್ಷಿಣ್ಯ. ಜನವರಿಯಲ್ಲಿ ಬರುವಾಗ ಪಂಪು ಗಿಂಪು ಏನೂ ಬೇಡ, ಆಲ್ಕಲಿನಿಟಿ ಪರೀಕ್ಷೆಯ ರೀಏಜೆಂಟ್ ಎರಡು ಸೀಸೆ ತಾ. ಅವಧಿ ಮುಗಿಯುವ ತಾರೀಕು ನೋಡಿ ಕೊಂಡುಕೋ, ಈಗಿರುವುದು ಫೆಬ್ರವರಿಗೆ ಮುಗಿಯುತ್ತದೆ.

ಇತಿ ನಿನ್ನ
ಅಮ್ಮ