ಹೆದರಿಸಿದ್ದು ಮೊದಲ ಭಾಗ, ಗೆದ್ದದ್ದು ಎರಡನೇ ಭಾಗ!

‘ಭಾಗ ಎರಡು’ ಅಂತ ಪೋಸ್ಟರ್ ಬಿದ್ದ ಕೂಡಲೇ ನಮ್ಮಂಥ ಚಿತ್ರರಸಿಕರಿಗೆ ಒಂದು ಅನುಮಾನ ಶುರುವಾಗುತ್ತೆ. ಮೊದಲನೇದು ದುಡ್ಡು ಮಾಡಿತು, ಅದಕ್ಕೇ ಇದು ಬಂತು. ಹಳೇ ಸಾರಿಗೆ ನೀರು ಬೆರೆಸಿ ಮತ್ತೆ ಕುದಿಸಿದ್ದಾರೆ ಅಂತ. ಹತ್ತರಲ್ಲಿ ಎಂಟು ಸಲ ಆ ಅನುಮಾನ ನಿಜವೂ ಆಗುತ್ತೆ ಬಿಡಿ. ಹಾರರ್ ಚಿತ್ರಗಳಲ್ಲಂತೂ ಕೇಳೋದೇ ಬೇಡ. ಒಮ್ಮೆ ದೆವ್ವದ ಮುಖ ನೋಡಿಯಾದ ಮೇಲೆ ಇನ್ನೇನಿದೆ ಹೆದರೋಕೆ?

ಈ ಲೆಕ್ಕವನ್ನೇ ತಲೆಕೆಳಗು ಮಾಡಿದ ಜಪಾನಿ ಚಿತ್ರಮಾಲೆಯೊಂದರ ಬಗ್ಗೆ ಇವತ್ತು ಬರೀತಿದ್ದೇನೆ. ಅವರ ಆನಿಮೆ. ‘ಕಾರ್ಟೂನಾ? ಮಕ್ಕಳದ್ದಾ?’ ಅಂತ ಪುಟ ಮಗುಚಬೇಡಿ ಸ್ವಾಮಿ! ರೂಮಿನಲ್ಲಿ ಒಬ್ಬನೇ ಕೂತು, ಮೊಬೈಲಿನಲ್ಲಿ ಇದನ್ನು ನೋಡಿದ ನಾನು ಅವತ್ತು ರಾತ್ರಿ ಬಚ್ಚಲಿಗೆ ಹೋಗೋಕೂ ಎಲ್ಲಾ ಲೈಟು ಹಾಕಿಕೊಂಡೇ ಹೋದೆ.

ಹೆಸರು ‘ಹಿಗುರಾಶಿ ನೋ ನಾಕು ಕೋರೋ ನಿ’. ಹಿಗುರಾಶಿ ಅಂದ್ರೆ ಸಂಜೆ ಹೊತ್ತು ಕೂಗೋ ಒಂದು ಜಾತಿ ಜೀರುಂಡೆ. ಅದು ಕೂಗೋ ಹೊತ್ತಿನ ಕಥೆ ಇದು. ಹುಟ್ಟಿದ್ದು ದೊಡ್ಡ ಕಂಪನಿಯಲ್ಲಿ ಅಲ್ಲ. ರ್ಯೂಕಿಶಿ ೦೭ ಅನ್ನೋ ಅಂಕಿತನಾಮದ ಲೇಖಕ, ಜೊತೆಗಾರರನ್ನು ಕಟ್ಟಿಕೊಂಡು ಮನೆಮಟ್ಟಿಗೆ ತಯಾರಿಸಿದ ಕಂಪ್ಯೂಟರ್ ಆಟ. ಆಟ ಅನ್ನೋದಕ್ಕಿಂತ ಚಿತ್ರ, ಸದ್ದು, ಅಕ್ಷರ ಸೇರಿಸಿದ ಕಾದಂಬರಿ. ೨೦೦೨ರ ಆಗಸ್ಟ್‌ನಲ್ಲಿ ಟೋಕಿಯೋದ ಕಾಮಿಕೆಟ್ ಮೇಳದಲ್ಲಿ ಮೊದಲ ಕಂತು ಮಾರಾಟಕ್ಕೆ ಬಂತು. ೨೦೦೬ರ ಆಗಸ್ಟ್‌ಗೆ ಎಂಟನೇದು. ನಾಲ್ಕು ಕಂತು ಪ್ರಶ್ನೆ, ನಾಲ್ಕು ಕಂತು ಉತ್ತರ!

ಕಥೆ ನಡೆಯೋದು ೧೯೮೩ರ ಜೂನ್‌ನಲ್ಲಿ, ಹಿನಾಮಿಜಾವಾ ಅನ್ನೋ ಬೆಟ್ಟದ ಹಳ್ಳಿಯಲ್ಲಿ. ಹಳ್ಳಿ ಕಲ್ಪನೆಯದು, ಆದರೆ ಮಾದರಿ ನಿಜದ್ದು. ಗಿಫು ಪ್ರಾಂತದ ಶಿರಾಕಾವಾ-ಗೋ, ಕಡಿದಾದ ಹುಲ್ಲಿನ ಮಾಡಿನ ಮನೆಗಳಿಂದಾಗಿ ೧೯೯೫ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಊರು. ಕಥೆಯ ಹಳ್ಳಿಯನ್ನು ಅಣೆಕಟ್ಟಿಗಾಗಿ ಮುಳುಗಿಸೋಕೆ ಸರ್ಕಾರ ಹೊರಟಿತ್ತು. ಜನ ಹೋರಾಡಿ ನಿಲ್ಲಿಸಿದ್ದಾರೆ. ೧೯೭೯ರಿಂದ ಪ್ರತಿ ವರ್ಷ ಊರಹಬ್ಬದ ರಾತ್ರಿ ಒಬ್ಬ ಸಾಯ್ತಾನೆ, ಇನ್ನೊಬ್ಬ ಕಾಣೆಯಾಗ್ತಾನೆ. ಊರ ದೇವರ ಶಾಪ ಅಂತ ಗುಸುಗುಸು. ಪಟ್ಟಣದಿಂದ ಬಂದ ಹುಡುಗ ಕೇಯಿಚಿ, ಅವನ ಜೊತೆ ನಗ್ತಾ ಇಸ್ಪೀಟಾಡೋ ಹುಡುಗಿಯರು... ಆ ನಗುವಿನ ಹಿಂದೆ ಏನಿದೆ ಅನ್ನೋದೇ ಸಸ್ಪೆನ್ಸ್.

ಮೊದಲ ಭಾಗ: ರಕ್ತವೇ ರಕ್ತ!

೨೦೦೬ರಲ್ಲಿ ಸ್ಟುಡಿಯೋ ಡೀನ್ ಇದನ್ನು ೨೬ ಕಂತುಗಳ ಟಿ.ವಿ. ಮಾಲೆ ಮಾಡಿತು. ನಿರ್ದೇಶಕಿ ಚಿಯಾಕಿ ಕೋನ್. ಸಂಗೀತ, ‘ರಿಂಗು’ ಚಿತ್ರಕ್ಕೆ ಬಾರಿಸಿ ಜಗತ್ತನ್ನೇ ನಡುಗಿಸಿದ ಕೆಂಜಿ ಕವಾಯಿಯವರದ್ದು. ಹೆದರಿಸೋ ಕೆಲಸದಲ್ಲಿ ಪೂರ್ತಿ ಅಂಕ. ಕೊಡಲಿ, ಬ್ಯಾಟು, ರಕ್ತ. ಪ್ರತಿ ಕಥೆಯ ಕೊನೆಗೆ ಎಲ್ಲಾ ಮುಗಿದುಹೋಗುತ್ತೆ. ಮುಂದಿನ ಕಂತಿನಲ್ಲಿ ಸತ್ತವರೆಲ್ಲಾ ಎದ್ದು ಬಂದು ಅದೇ ಜೂನ್ ತಿಂಗಳನ್ನು ಮತ್ತೆ ಶುರು ಮಾಡ್ತಾರೆ!

ಆದರೆ ಆತುರ ಜಾಸ್ತಿ ಕಣ್ರೀ. ೨೬ ಕಂತಿನಲ್ಲಿ ಆರು ಕಥೆ ತುರುಕಿದ್ದಾರೆ. ಒಂದಕ್ಕೆ ಎರಡೇ ಕಂತು! ಸ್ನೇಹ ಬೆಳೆಯೋ ಮೊದಲೇ ಕತ್ತಿ ಹೊರಗೆ ಬರುತ್ತೆ. ಚಿತ್ರ ಬರೆದಿರೋದೂ ಏರುಪೇರು. ಕೆಲವು ಕಡೆ ಹೆದರಬೇಕಾದ ಮುಖ ನೋಡಿ ನಗು ಬರುತ್ತೆ. ನೋಡಿ ಮುಗಿಸಿದಾಗ ‘ಭೇಷ್, ಚೆನ್ನಾಗಿ ಹೆದರಿಸಿದರು’ ಅನ್ನಿಸಿತೇ ಹೊರತು, ಆ ಮಕ್ಕಳಿಗೋಸ್ಕರ ಹೊಟ್ಟೆ ಉರಿಯಲಿಲ್ಲ.

ಎರಡನೇ ಭಾಗ: ಉತ್ತರ

೨೦೦೭ರ ಜುಲೈನಲ್ಲಿ ಬಂತು ‘ಕಾಯ್’. ಅರ್ಥ, ಬಿಡಿಸಿದ ಉತ್ತರ. ಅದೇ ತಂಡ, ಅದೇ ನಿರ್ದೇಶಕಿ. ಬದಲಾದದ್ದು ಎರಡೇ. ೨೪ ಕಂತಿಗೆ ಮುಖ್ಯ ಕಥೆ ಮೂರೇ ಮೂರು. ಕೊನೆಯದಕ್ಕಂತೂ ೧೧ ಕಂತು. ಇನ್ನೊಂದು, ಕಥೆಯ ಕಣ್ಣು ಬದಲಾಯ್ತು. ಮೊದಲ ಭಾಗದಲ್ಲಿ ಮೂಲೆಯಲ್ಲಿ ನಿಂತಿದ್ದ ಪುಟ್ಟ ಹುಡುಗಿ ರಿಕಾ ಇಲ್ಲಿ ಮುಂದೆ ಬರ್ತಾಳೆ. ಅದೇ ಜೂನ್ ತಿಂಗಳನ್ನು ನೂರು ವರ್ಷದಷ್ಟು ಕಾಲ ಬದುಕಿ, ಸತ್ತು, ಮತ್ತೆ ಬದುಕಿ ಸುಸ್ತಾದವಳು. ‘ಯಾರು ಕೊಂದರು?’ ಅನ್ನೋ ಪ್ರಶ್ನೆ ಹಿಂದೆ ಸರಿದು, ‘ಈ ಸಲವಾದರೂ ಇವರು ಉಳೀತಾರಾ?’ ಅನ್ನೋ ಪ್ರಶ್ನೆ ಎದೆ ಹಿಂಡೋಕೆ ಶುರು ಮಾಡುತ್ತೆ.

ಒಂದು ಉದಾಹರಣೆ ಸಾಕು. ಸಾತೋಕೋ ಅನ್ನೋ ತಬ್ಬಲಿ ಹುಡುಗಿಯನ್ನು ಅವಳ ಚಿಕ್ಕಪ್ಪ ಹಿಂಸಿಸ್ತಾನೆ. ಮೊದಲ ಭಾಗದಲ್ಲಿ ಕೇಯಿಚಿ ಏನು ಮಾಡ್ತಾನೆ? ನಮ್ಮ ಹೀರೋಗಳು ಮಾಡೋದನ್ನೇ! ಒಬ್ಬನೇ ಬ್ಯಾಟು ಹಿಡಿದು ಹೋಗಿ ಅವನನ್ನು ಮುಗಿಸಿ ಹೂತು ಬರ್ತಾನೆ. ಅಲ್ಲಿಂದ ಎಲ್ಲಾ ಸರ್ವನಾಶ.

‘ಕಾಯ್’ನಲ್ಲಿ ಅದೇ ಚಿಕ್ಕಪ್ಪ, ಅದೇ ಕೇಯಿಚಿ. ಈ ಸಲ ಕೈಗೆ ಬ್ಯಾಟು ತಗೊಳ್ಳೋದಿಲ್ಲ. ಗೆಳೆಯರನ್ನು ಕಟ್ಟಿಕೊಂಡು ಮಕ್ಕಳ ಕಲ್ಯಾಣ ಕಚೇರಿಗೆ ಹೋಗ್ತಾನೆ. ಅಧಿಕಾರಿಗಳು ಸಬೂಬು ಹೇಳಿ ಕಳಿಸ್ತಾರೆ. ಮಾರನೇ ದಿನ ಇನ್ನಷ್ಟು ಜನ. ಮತ್ತೆ ವಾಪಸ್. ಮತ್ತೆ ಇನ್ನಷ್ಟು ಜನ! ಅಣೆಕಟ್ಟಿನ ಕಾಲದಲ್ಲಿ ಸಾತೋಕೋ ಮನೆಯವರು ಸರ್ಕಾರದ ಪರ ನಿಂತರು ಅಂತ ಊರಿಗೆ ಊರೇ ಅವರಿಗೆ ಬಹಿಷ್ಕಾರ ಹಾಕಿತ್ತು. ಆ ಹಳೇ ದ್ವೇಷ ಕರಗಿಸೋಕೆ, ಊರೆಲ್ಲಾ ನಡುಗೋ ಹಿರಿಯಜ್ಜಿಯ ಮುಂದೆಯೇ ಹುಡುಗ ನಿಂತು ವಾದ ಮಾಡ್ತಾನೆ. ಫೈಟಿಲ್ಲ, ಡ್ಯೂಯೆಟ್ಟಿಲ್ಲ. ಅರ್ಜಿ ಹಿಡಿದು ನಿಲ್ಲೋದರಲ್ಲಿ ಅಷ್ಟು ಸಸ್ಪೆನ್ಸ್ ಇರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ. ಕೊನೆಗೆ ಆ ಹುಡುಗಿ ತಾನೇ ಬಾಯಿಬಿಟ್ಟು ‘ಕಾಪಾಡಿ’ ಅನ್ನಬೇಕು. ಅಂದಾಗ... ಇರಲಿ, ನೀವೇ ನೋಡಿ.

ಇದು ನನಗೆ ಇಷ್ಟು ತಟ್ಟೋಕೆ ಕಾರಣವಿದೆ. ನಮ್ಮ ವಠಾರದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಅವನ ಮಾವ ಕುಡಿದು ಬಂದು ಬೆಲ್ಟಿನಲ್ಲಿ ಬಾರಿಸ್ತಿದ್ದ. ಗೋಡೆಯಾಚೆಯಿಂದ ಎಲ್ಲಾ ಕೇಳಿಸೋದು. ಗ್ಯಾರೇಜಿನ ನಮ್ಮ ಗೆಳೆಯರು, ‘ಒಂದು ರಾತ್ರಿ ಅವನನ್ನು ಹಿಡಿದು ಕೈಕಾಲು ಮುರಿಯೋಣ ಮಗಾ’ ಅಂದರು. ನಾನು ಆಗಷ್ಟೇ ‘ಕಾಯ್’ನ ಆ ಕಂತುಗಳನ್ನು ಮುಗಿಸಿದ್ದೆ. ‘ಮುರಿದ ಮೇಲೆ ನಾವು ಸ್ಟೇಷನ್ನಿಗೆ, ಹುಡುಗ ಮತ್ತೆ ಅವನ ಕೈಗೇ’ ಅಂದೆ. ಐದು ಜನ ಕಚೇರಿಗೆ ಹೋದ್ವಿ. ‘ಮನೆ ವಿಷಯ ಕಣ್ರಪ್ಪಾ’ ಅಂದರು. ಮುಂದಿನ ವಾರ ಒಂಬತ್ತು ಜನ. ಮೂರನೇ ಸಲ ವಠಾರದ ಹೆಂಗಸರೆಲ್ಲಾ ಬಂದರು. ಕುರ್ಚಿ ಸಾಲದೆ ಕಾರಿಡಾರಿನಲ್ಲೇ ಕೂತರು. ಅವತ್ತು ಸಂಜೆಯೇ ಜೀಪು ಬಂತು. ಹುಡುಗ ಈಗ ಅಜ್ಜಿ ಮನೆಯಲ್ಲಿದ್ದಾನೆ. ಮಾತು ಕಡಿಮೆ. ಮಾವ ಈಗಲೂ ನಮ್ಮ ಬೀದಿಯಲ್ಲೇ ಇದ್ದಾನೆ, ಎದುರಾದರೆ ಮುಖ ತಿರುಗಿಸ್ತಾನೆ. ಸಿನಿಮಾದಂತೆ ‘ಶುಭಂ’ ಬೀಳಲಿಲ್ಲ. ಆದರೆ ರಾತ್ರಿ ಆ ಸದ್ದು ನಿಂತಿದೆ.

ಒಂದು ವಿಪರ್ಯಾಸ ಕೇಳಿ. ೨೦೦೭ರ ಸೆಪ್ಟೆಂಬರ್‌ನಲ್ಲಿ ಕ್ಯೋಟೋ ಪ್ರಾಂತದಲ್ಲಿ ೧೬ ವರ್ಷದ ಹುಡುಗಿಯೊಬ್ಬಳು ಕೊಡಲಿಯಿಂದ ತಂದೆಯನ್ನು ಕೊಂದಳು. ಆ ಆಘಾತದಲ್ಲಿ ಕೆಲವು ಟಿ.ವಿ. ಕೇಂದ್ರಗಳು ‘ಕಾಯ್’ ಪ್ರಸಾರವನ್ನೇ ನಿಲ್ಲಿಸಿದವು. ಮನೆ ಸುಟ್ಟ ಹೊತ್ತಿನಲ್ಲಿ ಬೆಂಕಿಪೊಟ್ಟಣ ಬಚ್ಚಿಡೋದು ಸಹಜವೇ. ಆದರೂ ಕೊಲ್ಲೋದರಿಂದ ಯಾವ ಕಷ್ಟವೂ ಬಗೆಹರಿಯೋಲ್ಲ ಅಂತ ಕಂತಿನ ಮೇಲೆ ಕಂತು ಹೇಳಿದ ಕಥೆಗೇ ಬೀಗ ಬಿತ್ತಲ್ಲಾ!

‘ಕಾಯ್’ನಲ್ಲಿ ಹುಳುಕಿಲ್ಲವೇ? ಇದೆ. ಮೊದಲ ಕೆಲವು ಕಂತು ಎಳೆದಾಡುತ್ತೆ. ಕ್ಲೈಮ್ಯಾಕ್ಸಿನಲ್ಲಿ ಶಾಲಾ ಮಕ್ಕಳು ಬಂದೂಕು ಹಿಡಿದ ಸೈನಿಕರನ್ನು ಗುಂಡಿ, ಹಗ್ಗ, ಬಲೆ ಹೂಡಿ ಬೀಳಿಸೋದು ಸ್ವಲ್ಪ ಅತಿ. ಮೊದಲ ಭಾಗದ ಆ ಬೆನ್ನುಹುರಿಯ ಚಳಿಯೂ ಇಲ್ಲಿ ಕಡಿಮೆ. ಬರೀ ಭಯ ಬೇಕು ಅನ್ನೋರಿಗೆ ನಿರಾಸೆಯೇ. ಆದರೆ ವಿಲನ್‌ಗೂ ಇಲ್ಲಿ ಒಂದು ಬಾಲ್ಯ ಕೊಟ್ಟಿದ್ದಾರೆ ನೋಡಿ! ಅನಾಥಾಲಯದಿಂದ ಓಡಿ ಬಂದು, ಟೆಲಿಫೋನ್ ಬೂತಿನಲ್ಲಿ ನಿಂತು ಕಾಪಾಡಿ ಅಂತ ಅತ್ತ ಮಗುವೇ ಮುಂದೆ ಊರಿಗೇ ಮೃತ್ಯುವಾಗುತ್ತೆ. ಯಾರದು ಅಂತ ನಾನು ಹೇಳೋಲ್ಲ. ಹೇಳಿದರೆ ನೀವೇ ಬ್ಯಾಟು ಹಿಡಿದು ಬರ್ತೀರಿ!

೨೦೨೦ ಮತ್ತು ೨೦೨೧ರಲ್ಲಿ ಇನ್ನೆರಡು ಮಾಲೆ ಬಂದವು, ‘ಗೋ’ ಮತ್ತು ‘ಸೊತ್ಸು’. ನನ್ನ ಮಟ್ಟಿಗೆ ಕಥೆ ಮುಗಿದದ್ದು ‘ಕಾಯ್’ನ ೨೪ನೇ ಕಂತಿಗೇ.

ನೋಡೋರಿಗೆ ಒಂದೇ ಮಾತು: ಮೊದಲ ಭಾಗ ಬಿಟ್ಟು ನೇರ ಎರಡಕ್ಕೆ ಹಾರಬೇಡಿ. ಆ ಬ್ಯಾಟನ್ನು ಕಣ್ಣಾರೆ ಕಂಡವನಿಗೇ ಆ ಅರ್ಜಿಯ ತೂಕ ಗೊತ್ತಾಗೋದು. ೨೬ ಕಂತು ಹೆದರಿ, ೨೪ ಕಂತು ಅತ್ತು, ಆಮೇಲೆ ಜಗಳಕ್ಕೆ ಬನ್ನಿ. ನಾನು ರೆಡಿ!