ಹಳೆಯ ಕೋಟಿನ ಒಳಜೇಬು

ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಮೇಲ್ಭಾಗದಲ್ಲಿ ಪುರಾತನ ವಸ್ತುಗಳ ಅಂಗಡಿಗಳು. ಇಳಿಯುತ್ತ ಹೋದರೆ ಹಣ್ಣು ತರಕಾರಿ. ಮುಂದೆ, 1970ರಲ್ಲಿ ತೆರೆದ ವೆಸ್ಟ್‌ವೇ ಮೇಲುಸೇತುವೆಯ ನೆರಳಿನಲ್ಲಿ ಹಳೆಯ ಉಡುಪುಗಳ ಸಂತೆ. ಅಲ್ಲಿ ಬೂದುಬಣ್ಣದ ಉಣ್ಣೆಯ ಸೂಟೊಂದು ನನ್ನನ್ನು ತಡೆದು ನಿಲ್ಲಿಸಿತು.

"ಇದು 1930ರ ದಶಕದ್ದು, ಸ್ವಾಮಿ" ಎಂದನು ವ್ಯಾಪಾರಿ. ಬೆಲೆಯೂ ಆ ಹಿರಿಮೆಗೆ ತಕ್ಕಂತೆಯೇ ಇದ್ದಿತು. ಆದರೆ ಉಡುಪಿನ ವಯಸ್ಸನ್ನು ಹೊರಗಿನ ಅಂದವಲ್ಲ, ಒಳಗಿನ ಗುರುತು ಹೇಳುತ್ತದೆ. ಒಳಜೇಬಿನ ಬಳಿ 'ಸಿಸಿ 41' ಎಂಬ ಮುದ್ರೆಯಿದ್ದಿತು. ಯುದ್ಧಕಾಲದ ಅಭಾವದಲ್ಲಿ ಬ್ರಿಟಿಷ್ ಸರ್ಕಾರವು 1941ರಲ್ಲಿ ತಂದ, 1952ರಲ್ಲಿ ಮುಗಿದ 'ಯುಟಿಲಿಟಿ' ಯೋಜನೆಯ ಗುರುತದು. ಷರಾಯಿಯ ಕಾಲಂಚಿಗೆ ಮಡಿಕೆಯಿರಲಿಲ್ಲ. ಬಟ್ಟೆಯನ್ನು ಉಳಿಸಲೆಂದು 1942ರಲ್ಲಿ ಆ ಮಡಿಕೆಯನ್ನೇ ನಿಷೇಧಿಸಿದ್ದರು. 1944ರಲ್ಲಿ ನಿಷೇಧ ತೆರವಾಯಿತು. ಮಡಿಕೆಯಿಲ್ಲದ ಮಾತ್ರಕ್ಕೆ ವರ್ಷ ನಿಶ್ಚಯವಾಗದು. ಮುದ್ರೆಯೊಡನೆ ಸೇರಿದಾಗ ಸಾಕ್ಷ್ಯವು ಬಲಗೊಳ್ಳುತ್ತದೆ.

ಸ್ಯಾವಿಲ್ ರೋ ಬೀದಿಯ ದರ್ಜಿಗಳು ಒಳಜೇಬಿನ ಚೀಟಿಯಲ್ಲಿ ಗಿರಾಕಿಯ ಹೆಸರನ್ನೂ ದಿನಾಂಕವನ್ನೂ ಬರೆಯುವುದುಂಟು. ಇಲ್ಲಿ ಹೆಸರಿರಲಿಲ್ಲ. ಮೊಣಕೈಯಲ್ಲಿ ಮಾತ್ರ ಅಚ್ಚುಕಟ್ಟಾದ ರಫುವಿನ ಗುರುತಿದ್ದಿತು.

ಮುದ್ರೆಯನ್ನು ತೋರಿಸಿದೆ. ವ್ಯಾಪಾರಿ ನಕ್ಕು ಬೆಲೆಯನ್ನು ಇಳಿಸಿದನು. ಗೆದ್ದೆನೆಂಬ ಹಮ್ಮು ನನ್ನಲ್ಲಿ ಮೂಡಿತು. ಆದರೆ ಆ ರಫುವಿನ ಮುಂದೆ ಅದು ನಿಲ್ಲಲಿಲ್ಲ. 1941ರ ಜೂನಿನಿಂದ 1949ರ ಮಾರ್ಚಿಯವರೆಗೆ ಆ ನಾಡಿನಲ್ಲಿ ಬಟ್ಟೆಗೂ ಪಡಿತರವಿದ್ದಿತು. ಹಣವಿದ್ದರೂ ಕೂಪನ್ನಿಲ್ಲದೆ ಹೊಸ ಸೂಟು ಸಿಗುತ್ತಿರಲಿಲ್ಲ. ಯಾವ ತಾಯಿಯೋ, ಯಾವ ಮಡದಿಯೋ ದೀಪದ ಬಳಿ ಕುಳಿತು ಆ ಮೊಣಕೈಯನ್ನು ಉಳಿಸಿರಬೇಕು.

ಮತ್ತೆ ಚೌಕಾಶಿ ಮಾಡದೆ ಹಣವನ್ನು ಎಣಿಸಿಕೊಟ್ಟೆ.